ನೇತ್ರಾವತಿ ಸೇತುವೆ ದಾಟಲು ಆಗುತ್ತಿಲ್ಲ. ಎಕ್ಸ್‌ಪೋಶರ್ ಥೆರಪಿ ಮಾಡಿಸಿದವರು ಯಾರಾದರೂ ಇದ್ದೀರಾ?

ತೊಕ್ಕೊಟ್ಟು_ಸ್ಕೂಟಿ (ಏಪ್ರಿಲ್ 2025):

ಮೊದಲೇ ಹೇಳುತ್ತೇನೆ, ನಗಬೇಡಿ. ನನಗೆ ಸೇತುವೆ ಅಂದ್ರೆ ಹೆದರಿಕೆ.

ಮನೆ ತೊಕ್ಕೊಟ್ಟು, ಕೆಲಸ ಕಂಕನಾಡಿ. ನಡುವೆ ನೇತ್ರಾವತಿ. ಹನ್ನೊಂದು ವರ್ಷ ದಿನಕ್ಕೆರಡು ಸಲ ಸ್ಕೂಟಿಯಲ್ಲಿ ಆ ಸೇತುವೆ ದಾಟಿದವಳು ನಾನು, ಕೆಳಗೆ ನದಿ ಉಂಟು ಅಂತ ತಲೆ ಎತ್ತಿ ನೋಡಿದ್ದೂ ಕಡಿಮೆ. ಕಳೆದ ಜುಲೈಯಲ್ಲಿ ಒಂದು ದಿನ ಸಂಜೆ ಜೋರು ಮಳೆ, ಮುಂದೆ ಎಲ್ಲೋ ಬ್ಲಾಕ್, ಸೇತುವೆ ನಡುವೆ ಇಪ್ಪತ್ತು ನಿಮಿಷ ನಿಂತೆವು. ಕೆಂಪು ನೀರು ತುಂಬಿ ಹರಿಯುತ್ತಾ ಇತ್ತು. ಪಕ್ಕದಲ್ಲಿ ಒಂದು ಗ್ಯಾಸ್ ಟ್ಯಾಂಕರ್ ನಿಧಾನ ಮುಂದೆ ಹೋಯಿತು ನೋಡಿ, ಕಾಲಡಿ ಕಾಂಕ್ರೀಟು ಅಲುಗಿದ ಹಾಗಾಯಿತು. ಅಷ್ಟೇ. ಎದೆ ಡಬಡಬ, ಕೈ ಜೋಮು, ಕಣ್ಣಿಗೆ ಕತ್ತಲೆ, ಈಗ ಸತ್ತೆ ಅಂತಲೇ ಅನಿಸಿತು. ಹಿಂದಿದ್ದ ಒಬ್ಬ ಹುಡುಗ ಸ್ಕೂಟಿ ದೂಡಿಕೊಂಡು ಆಚೆ ದಡ ಮುಟ್ಟಿಸಿದ. ಅದಾಗಿ ತಿಂಗಳಾಗಲಿಲ್ಲ, ಆಗಸ್ಟ್ 7ಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಲಾರಿ ನೀರಲ್ಲಿ ಮುಳುಗಿದ ವಿಡಿಯೋ ನಾನು ಎಷ್ಟು ಸಲ ನೋಡಿದೆ ಅಂತ ಲೆಕ್ಕ ಇಲ್ಲ.

ಇಸಿಜಿ, ಥೈರಾಯ್ಡ್, ಎಲ್ಲ ನಾರ್ಮಲ್. ಅತ್ತೆ ನೂಲು ಕಟ್ಟಿಸಿದರು, ಅದೂ ಕೈಯಲ್ಲಿ ಉಂಟು. ಈಗ ಗಂಡ ಕಾರಲ್ಲಿ ಬಿಡುತ್ತಾರೆ. ನಾನು ಕಣ್ಣು ಮುಚ್ಚಿ, ನೀರಿನ ಬಾಟಲಿ ಗಟ್ಟಿ ಹಿಡಿದು, ಕಟೀಲಮ್ಮನ ಹೆಸರು ಹೇಳುತ್ತಾ ಇರುತ್ತೇನೆ. ಇವರಿಗೆ ನೈಟ್ ಡ್ಯೂಟಿ ಬಿದ್ದ ವಾರ ರಜೆ ಹಾಕುತ್ತೇನೆ. ಮೊದಲು ನೇತ್ರಾವತಿ ಮಾತ್ರ ಇತ್ತು, ಆಮೇಲೆ ಕೂಳೂರು ಸೇರಿತು. ಡಿಸೆಂಬರಲ್ಲಿ ಉಡುಪಿಗೆ ಚಿಕ್ಕಮ್ಮನ ಮಗಳ ಮದುವೆಗೆ ಹೊರಟವರು ಪಾವಂಜೆ ಸೇತುವೆಯ ಈಚೆ ಕಾರು ತಿರುಗಿಸಿ ವಾಪಸು ಬಂದೆವು. ರೇಷ್ಮೆ ಸೀರೆ ಉಟ್ಟುಕೊಂಡು ಮನೆಯಲ್ಲಿ ಗಂಜಿ ಊಟ ಮಾಡಿದೆ. ಚಿಕ್ಕಮ್ಮನಿಗೆ ಹೊಟ್ಟೆ ಕೆಟ್ಟಿದೆ ಅಂತ ಸುಳ್ಳು ಹೇಳಿದ್ದು.

ಒಬ್ಬ ಕೌನ್ಸೆಲರ್ ಹತ್ತಿರ ಹೋಗಿದ್ದೆ. ಎಕ್ಸ್‌ಪೋಶರ್ ಥೆರಪಿ ಅಂತ ಹೇಳಿ ಎರಡನೇ ದಿನವೇ ಸೇತುವೆ ಮೇಲೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಎರಡು ನಿಮಿಷಕ್ಕೆ ಅಳುತ್ತಾ ಓಡಿ ಬಂದೆ. ಆಮೇಲೆ ಜಾಸ್ತಿಯೇ ಆಯಿತು. ಈ ಥೆರಪಿ ನಿಜವಾಗಿ ಕೆಲಸ ಮಾಡುತ್ತದಾ? ಹೆದರಿಕೆ ಇರುವ ಜಾಗಕ್ಕೇ ಹೋಗು ಅನ್ನುವುದು ಎಂತ ಮದ್ದು? ನಡುವಲ್ಲಿ ತಲೆ ತಿರುಗಿ ಬಿದ್ದರೆ?

ಗೋಳಿಬಜೆ:

ಫೋಬಿಯಾ ಗೀಬಿಯಾ ಎಲ್ಲ ಫೋನ್ ಬಂದ ಮೇಲಿನ ಕಾಯಿಲೆ ಮಾರಾಯ್ರೆ. ಸುಮ್ನೆ ಧೈರ್ಯ ಮಾಡಿ ಒಮ್ಮೆ ಹೋಗಿ, ಆಯ್ತು. ನಮ್ಮ ಮಾವ ನನ್ನನ್ನೂ ತಮ್ಮನನ್ನೂ ಒಂದೇ ದಿನ ಎತ್ತಿ ಕೆರೆಗೆ ಹಾಕಿದ್ದು. ನಾನು ಅವತ್ತೇ ಈಜು ಕಲಿತೆ.

ಕಲ್ಯಾಣಪುರದವ:

ತಮ್ಮ?

ಗೋಳಿಬಜೆ:

ಅವನು ಈಗಲೂ ಮಲ್ಪೆಗೆ ಹೋದರೆ ಮರಳಲ್ಲೇ ಕೂರುವುದು. ಅದು ಬೇರೆ ವಿಷಯ.

ಕಲ್ಯಾಣಪುರದವ:

ಬೇರೆ ವಿಷಯ ಅಲ್ಲ ಮಾರಾಯ್ರೆ, ಅದೇ ವಿಷಯ.

ಅಕ್ಕ, ನನ್ನದು ನಾಯಿ. ಐದನೇ ಕ್ಲಾಸಲ್ಲಿ ಶಾಲೆಯಿಂದ ಬರುವಾಗ ಕಚ್ಚಿತ್ತು. ಆಮೇಲೆ ಇಪ್ಪತ್ತೆರಡು ವರ್ಷ ನಾನು ನಡೆದ ದಾರಿ ಎಲ್ಲ ನಾಯಿಗಳು ನಿರ್ಧಾರ ಮಾಡಿದ್ದು. ಯಾವ ಗೇಟಿನ ಹಿಂದೆ ನಾಯಿ ಉಂಟು ಅಂತ ಸಂತೆಕಟ್ಟೆಯಿಂದ ಕೆಮ್ಮಣ್ಣಿನವರೆಗೆ ಬಾಯಿಪಾಠ ಇತ್ತು. ಹುಡುಗಿ ನೋಡಲು ಹೋದ ಒಂದು ಮನೆಯ ಅಂಗಳಕ್ಕೇ ಇಳಿಯಲಿಲ್ಲ, ಕಾರಲ್ಲೇ ಕೂತಿದ್ದೆ. ಆ ಸಂಬಂಧ ಹೋಯಿತು.

ಕೊನೆಗೆ ಮಣಿಪಾಲದಲ್ಲಿ ಒಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್ ಸಿಕ್ಕಿದರು. ಮೊದಲ ಎರಡು ಸಲ ನಾಯಿಯ ಸುದ್ದಿಯೇ ಇಲ್ಲ, ಬರೀ ಪಟ್ಟಿ ಮಾಡಿಸಿದರು. ಯಾವುದಕ್ಕೆ ಎಷ್ಟು ಹೆದರಿಕೆ, ಸೊನ್ನೆಯಿಂದ ನೂರರವರೆಗೆ ಮಾರ್ಕು ಕೊಡಬೇಕು. ನಾಯಿಯ ಫೋಟೋ 15. ಬೊಗಳುವ ವಿಡಿಯೋ 30. ಗೇಟಿನ ಆಚೆ ಕಟ್ಟಿದ ನಾಯಿ 50. ಹೀಗೆ ಮೇಲೆ ಮೇಲೆ ಹೋಗಿ, ನಾಯಿಯ ಬಾಯಿಗೆ ಕೈಯಿಂದ ಬಿಸ್ಕೆಟ್ ಕೊಡುವುದು 100. ಅದನ್ನು ಬರೆಯುವಾಗಲೇ ಬೆವರಿದ್ದೆ.

ಒಂದು ವಿಷಯ ಮರೆಯಲು ಆಗುವುದಿಲ್ಲ. ನಾಲ್ಕನೇ ಸಲವೋ ಏನೋ, ಅವರು ನನ್ನ ಕೈ ನೋಡಿ ಕೇಳಿದರು, "ಮಾರ್ಚ್ ತಿಂಗಳಲ್ಲಿ ಕೊಡೆ ಯಾಕೆ?" ನಾನು ವರ್ಷ ಇಡೀ ಕೊಡೆ ಹಿಡಿದುಕೊಂಡೇ ತಿರುಗುತ್ತಿದ್ದೆ, ಆ ಉದ್ದ ಕಾಲಿನ ಕೊಡೆ. ಮಳೆಗಲ್ಲ. ನಾಯಿಗೆ. ನನಗೇ ಅದು ಅಷ್ಟು ಸರಿಯಾಗಿ ಗೊತ್ತಿರಲಿಲ್ಲ! ಅವರು ಹೇಳಿದ್ದು, ಕೊಡೆ ಇರುವವರೆಗೆ ನಿಮ್ಮ ತಲೆ ‘ನಾಯಿ ಕಚ್ಚಲಿಲ್ಲ’ ಅಂತ ಕಲಿಯುವುದಿಲ್ಲ, ‘ಕೊಡೆ ಇತ್ತು, ಬಚಾವಾದೆ’ ಅಂತ ಕಲಿಯುತ್ತದೆ. ಅವತ್ತು ಕೊಡೆಯನ್ನು ಅಲ್ಲೇ ಬಾಗಿಲ ಹಿಂದೆ ಬಿಟ್ಟು ಬಂದೆ. ಬಸ್ ಸ್ಟ್ಯಾಂಡಿನವರೆಗಿನ ಇನ್ನೂರು ಮೀಟರು ನನ್ನ ಜೀವನದ ಅತಿ ಉದ್ದದ ದಾರಿ.

ಮೂರು ತಿಂಗಳು ಹಿಡಿಯಿತು. ಕೊನೆಗೆ ಅವರ ಪರಿಚಯದವರ ಮನೆಯ ಒಂದು ಮುದಿ ಲ್ಯಾಬ್ರಡಾರ್ ನನ್ನ ಅಂಗೈಯಿಂದ ಮಾರಿ ಬಿಸ್ಕೆಟ್ ತಿಂದಿತು. ನಾಲಿಗೆ ಬಿಸಿ, ಒದ್ದೆ. ನಾನು ಕೈ ತೊಳೆಯದೆ ಸುಮಾರು ಹೊತ್ತು ನೋಡುತ್ತಾ ಕೂತಿದ್ದೆ. (ಬೀದಿ ನಾಯಿಯ ಹತ್ತಿರ ಇದನ್ನೆಲ್ಲ ಮಾಡಲು ಹೋಗಬೇಡಿ, ರೇಬಿಸ್ ಸುಳ್ಳಲ್ಲ. ಇಂಜೆಕ್ಷನ್ ಆದ ಮನೆ ನಾಯಿಯೇ ಆಗಬೇಕು.)

ನಿಮ್ಮ ನೀರಿನ ಬಾಟಲಿ ನೋಡಿದರೆ ನನಗೆ ನನ್ನ ಕೊಡೆ ನೆನಪಾಯಿತು, ಅದಕ್ಕೇ ಇಷ್ಟುದ್ದ ಬರೆದೆ.

ಮನಸ್ಸಿನ_ಕೆಲಸ:

ನಾನು ಇದೇ ಕೆಲಸ ಮಾಡುವವಳು, ಕ್ಲಿನಿಕಲ್ ಸೈಕಾಲಜಿಸ್ಟ್, ಮಂಗಳೂರಲ್ಲೇ. ಇಲ್ಲಿ ಬರೆದದ್ದು ಚಿಕಿತ್ಸೆ ಅಲ್ಲ, ಸುಮ್ನೆ ಮಾಹಿತಿ.

ಕೆಲಸ ಮಾಡುತ್ತದಾ ಅಂದ್ರೆ, ಹೌದು. ಫೋಬಿಯಾಕ್ಕೆ ನಮ್ಮ ಹತ್ತಿರ ಇರುವ ಚಿಕಿತ್ಸೆಗಳಲ್ಲಿ ಮೊದಲ ಸಾಲಿನದ್ದು ಇದೇ. ಹೊಸದೂ ಅಲ್ಲ. 1924ರಲ್ಲಿ ಅಮೆರಿಕದಲ್ಲಿ ಮೇರಿ ಕವರ್ ಜೋನ್ಸ್ ಅನ್ನುವವರು ಮೊಲಕ್ಕೆ ಹೆದರುವ ಪೀಟರ್ ಅನ್ನುವ ಪುಟ್ಟ ಹುಡುಗನಿಗೆ ಇದನ್ನೇ ಮಾಡಿದ್ದು. ಅವನು ಇಷ್ಟದ ತಿಂಡಿ ತಿನ್ನುತ್ತಾ ಇರುವಾಗ ಪಂಜರದ ಮೊಲವನ್ನು ಕೋಣೆಯ ಆ ತುದಿಯಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿದ. ಆಮೇಲೆ 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಅದಕ್ಕೊಂದು ಕ್ರಮ ಕೊಟ್ಟರು. ಕಲ್ಯಾಣಪುರದವರು ಹೇಳಿದ ಸೊನ್ನೆಯಿಂದ ನೂರರ ಮಾರ್ಕು ಬಂದದ್ದು ಅವರಿಂದ.

ನಿಮಗೆ ಜಾಸ್ತಿ ಆದದ್ದು ಯಾಕೆ ಅಂದ್ರೆ, ಹೆದರಿಕೆ ತುದಿಗೇರಿದ ಹೊತ್ತಿಗೆ ಓಡಿ ಬಂದಿರಿ. ಓಡಿದ ಕೂಡಲೇ ಹಗುರ ಆಯಿತು, ಅಲ್ವಾ? ಆ ಹಗುರವನ್ನೇ ತಲೆ ಪಾಠ ಮಾಡಿಕೊಂಡಿತು. ಓಡಿದ್ದಕ್ಕೆ ಬದುಕಿದೆ ಅಂತ. ತಪ್ಪು ನಿಮ್ಮದಲ್ಲ. ತಯಾರಿ ಇಲ್ಲದೆ, ನಿಮ್ಮ ಒಪ್ಪಿಗೆಯ ಲೆಕ್ಕ ಇಲ್ಲದೆ ನಿಲ್ಲಿಸಿದ್ದು ಸರಿಯಲ್ಲ. ಯಾವ ಮೆಟ್ಟಿಲು, ಯಾವಾಗ, ಎಷ್ಟು ಹೊತ್ತು, ಇದನ್ನೆಲ್ಲ ನಿರ್ಧಾರ ಮಾಡುವುದರಲ್ಲಿ ನೀವೂ ಇರಬೇಕು.

ಇನ್ನೊಂದು. ನೀವು ಬರೆದದ್ದು ನೋಡಿದರೆ ನಿಮಗೆ ಸೇತುವೆ ಬೀಳುತ್ತದೆ ಅನ್ನುವ ಹೆದರಿಕೆ ಎಷ್ಟು, ಸೇತುವೆ ಮೇಲೆ ಆ ಎದೆ ಡಬಡಬ ಮತ್ತೆ ಬರುತ್ತದೆ ಅನ್ನುವ ಹೆದರಿಕೆ ಎಷ್ಟು ಅಂತ ಮೊದಲು ಬಿಡಿಸಬೇಕು. ಎರಡನೆಯದೇ ಜಾಸ್ತಿ ಆದರೆ ಅದು ಹಠಾತ್ ಗಾಬರಿಯ, ಅಂದ್ರೆ ಪ್ಯಾನಿಕ್‌ನ ದಾರಿ, ಆಗ ಅಭ್ಯಾಸವೂ ಸ್ವಲ್ಪ ಬೇರೆ. ಕ್ಲಿನಿಕ್ಕಲ್ಲೇ ನಿಂತಲ್ಲಿ ಓಡಿಸಿ, ತಿರುಗುವ ಕುರ್ಚಿಯಲ್ಲಿ ಸುತ್ತಿಸಿ, ತೆಳು ಸ್ಟ್ರಾದಲ್ಲಿ ಉಸಿರಾಡಿಸಿ ಬೇಕೆಂದೇ ಎದೆ ಬಡಿತ, ತಲೆ ಸುತ್ತು ಬರಿಸುತ್ತೇವೆ, ಅದು ಬಂದರೂ ಎಂತದೂ ಆಗುವುದಿಲ್ಲ ಅಂತ ಮೈಗೆ ಗೊತ್ತಾಗಲಿ ಅಂತ. ನಾನೂ ಜೊತೆಗೆ ಓಡುತ್ತೇನೆ, ಪಕ್ಕದ ಕೋಣೆಯವರು ನಗುತ್ತಾರೆ. ಹಾರ್ಟು, ಅಸ್ತಮಾ ಏನಾದರೂ ಇದ್ದರೆ, ಬಸುರಿಯಾಗಿದ್ದರೆ ಮೊದಲು ಡಾಕ್ಟರನ್ನು ಕೇಳಬೇಕು.

ಒಂದು ನೋಟ್‌ಬುಕ್ ಇಡಿ. ಪ್ರತಿ ಸಲ ಹೋಗುವ ಮೊದಲು ಬರೆಯಿರಿ, ಎಂತ ಆಗುತ್ತದೆ ಅಂತ ನಿಮಗೆ ಅನಿಸುತ್ತದೆ. ಬಂದ ಮೇಲೆ ಬರೆಯಿರಿ, ಎಂತ ಆಯಿತು. ಮೊದಲೆಲ್ಲ ಹೆದರಿಕೆ ಇಳಿಯುವವರೆಗೆ ಅಲ್ಲೇ ಕಾಯಬೇಕು ಅನ್ನುತ್ತಿದ್ದರು. ಈಗ ಮನೋವಿಜ್ಞಾನಿ ಮಿಷೆಲ್ ಕ್ರಾಸ್ಕೆ ಮುಂತಾದವರ ಕೆಲಸದಿಂದ ಒತ್ತು ಬದಲಾಗಿದೆ. ಹೆದರಿಕೆ ಇಳಿಯಲಿ, ಇಳಿಯದಿರಲಿ, ನೀವು ಅಂದುಕೊಂಡದ್ದು ಸುಳ್ಳಾಯಿತಾ ಅನ್ನುವುದೇ ಮುಖ್ಯ. ಹಳೇ ಹೆದರಿಕೆ ಅಳಿಸಿ ಹೋಗುವುದಿಲ್ಲ. ಅದರ ಪಕ್ಕದಲ್ಲಿ ಹೊಸ ಪಾಠ ಒಂದು ಕೂರುತ್ತದೆ, ಅಷ್ಟೇ. ಅದಕ್ಕೇ ಜಾಗ, ಹೊತ್ತು, ಹವೆ ಬದಲಿಸಿ ಬದಲಿಸಿ ಅಭ್ಯಾಸ ಮಾಡುವುದು.

ಸ್ಕೂಟಿ ಈಗಲೇ ಬೇಡ. ಹೈವೇಯಲ್ಲಿ ಗಾಬರಿಯಾದರೆ ಅದು ನಿಜವಾದ ಅಪಾಯ. ಸೇತುವೆ ಮೇಲೆ ನಡೆಯುವುದೂ ಬೇಡ, ಲಾರಿಗಳ ನಡುವೆ. ಸಿಟಿ ಬಸ್ಸು ಒಳ್ಳೆಯದು. ತೊಕ್ಕೊಟ್ಟಲ್ಲಿ ಹತ್ತಿ, ಜೆಪ್ಪಿನಮೊಗರಲ್ಲಿ ಇಳಿದು, ಆಚೆ ಬದಿಯಿಂದ ವಾಪಸು. ಒಂದೇ ದಿನ ಐದಾರು ಸಲ. ವಾರಕ್ಕೊಮ್ಮೆ ಹೋದರೆ ಅಭ್ಯಾಸ ಆಗುವುದಿಲ್ಲ.

ಯಾರ ಹತ್ತಿರ ಹೋದರೂ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತಿನ) ನೋಂದಣಿ ಉಂಟಾ ಅಂತ ಕೇಳಿ, ಕೇಳಿದರೆ ತಪ್ಪಲ್ಲ. ರಾತ್ರಿ ಹೊತ್ತು ತಡೆಯಲು ಆಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ಸೈಟ್_ಇಂಜಿನಿಯರ್_ಮುಲ್ಕಿ:

ಮೇಡಂ, ಸೇತುವೆ ಅಲುಗುವುದು ದೋಷ ಅಲ್ಲ, ಅಲುಗಲೇಬೇಕು. ಮೇಲಿನ ಭಾಗ ಕಂಬಕ್ಕೆ ಅಂಟಿಕೊಂಡಿರುವುದಿಲ್ಲ, ನಡುವೆ ಬೇರಿಂಗ್ ಅಂತ ಇರುತ್ತದೆ, ಎಷ್ಟೋ ಕಡೆ ದಪ್ಪ ರಬ್ಬರಿನದ್ದು. ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತದೆ, ಅದಕ್ಕೇ ಅಲ್ಲಲ್ಲಿ ಜಾಯಿಂಟ್ ಬಿಡುವುದು. ಆ ಧಡ್ ಧಡ್ ಶಬ್ದ ಚಕ್ರ ಜಾಯಿಂಟ್ ದಾಟುವುದು. ಅಲುಗದ ಹಾಗೆ ಬಿಗಿ ಹಿಡಿದು ಕಟ್ಟಿದರೆ ಬಿರುಕು ಬಿಡುತ್ತದೆ.

ತೊಕ್ಕೊಟ್ಟು_ಸ್ಕೂಟಿ:

ಸರ್, ತುಂಬಾ ಥ್ಯಾಂಕ್ಸ್! ಮೂರು ಸಲ ಓದಿದೆ. ಹಾಗಾದರೆ ನೇತ್ರಾವತಿ ಗಟ್ಟಿ ಉಂಟಲ್ವಾ? ಟ್ಯಾಂಕರ್ ಎರಡು ಒಟ್ಟಿಗೆ ಬಂದರೆ? ಕೂಳೂರಿನ ಹಳೇದು?

ಮನಸ್ಸಿನ_ಕೆಲಸ:

ಇಂಜಿನಿಯರ್ ಸರ್, ಇನ್ನು ಉತ್ತರ ಕೊಡಬೇಡಿ, ದಮ್ಮಯ್ಯ.

ಬೇಜಾರು ಮಾಡಿಕೊಳ್ಳಬೇಡಿ. ಒಮ್ಮೆ ತಿಳಿದುಕೊಂಡದ್ದು ಮಾಹಿತಿ. ಎರಡನೇ ಸಲ, ಮೂರನೇ ಸಲ ಕೇಳಿದರೆ ಅದೂ ನೀರಿನ ಬಾಟಲಿಯೇ. ಗಟ್ಟಿ ಉಂಟು ಅಂತ ಯಾರಾದರೂ ಹೇಳಿದರೆ ಅರ್ಧ ಗಂಟೆ ಸಮಾಧಾನ, ಆಮೇಲೆ ಮತ್ತೆ ಕೇಳಬೇಕು ಅನಿಸುತ್ತದೆ. ಸೇತುವೆ ಬೀಳುವುದೇ ಇಲ್ಲ ಅಂತ ನಾನೂ ಹೇಳುವುದಿಲ್ಲ. ಕಾಳಿಯದ್ದು ಬಿತ್ತು. 2018ರಲ್ಲಿ ನಮ್ಮ ಮೂಲರಪಟ್ಣದ್ದೂ ಬಿತ್ತು. ಮದುವೆ ಊಟದಲ್ಲಿ ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಬಹುದು ಅಂತ ಗೊತ್ತಿದ್ದೂ ತಿನ್ನುತ್ತೀರಲ್ಲ, ಅಷ್ಟರ ಮಟ್ಟಿಗಿನ ‘ಗೊತ್ತಿಲ್ಲ’ ಜೊತೆಗೆ ಇರಲು ಕಲಿಯುವುದು. ಆ ವಿಡಿಯೋ ನೋಡುವುದು, ಸೇತುವೆ ಸುದ್ದಿ ಹುಡುಕುವುದು, ಎರಡನ್ನೂ ನಿಲ್ಲಿಸಿ.

ಜಿಎನ್‌ಎಂ_ಎರಡನೇ_ವರ್ಷ:

ತಲೆ ತಿರುಗಿ ಬಿದ್ದರೆ ಅಂತ ಕೇಳಿದಿರಲ್ಲ ಅಕ್ಕ, ನಿಜವಾಗಿ ಬೀಳುವವಳು ನಾನು. ನರ್ಸಿಂಗ್ ಓದುವುದು, ಆದರೆ ರಕ್ತ ನೋಡಿದರೆ ಬೀಳುವುದು. ಮೊದಲ ವರ್ಷ ಲೇಬರ್ ವಾರ್ಡಿನಲ್ಲಿ ಬಿದ್ದು ಟ್ರೇ ಎಲ್ಲ ಚೆಲ್ಲಿ ಆದ ರಂಪ ಕೇಳಬೇಡಿ. ನಮ್ಮ ಮೇಡಂ ಹೇಳಿದ್ದು, ಬೇರೆ ಹೆದರಿಕೆಯಲ್ಲಿ ಬಿಪಿ ಏರುತ್ತದೆ, ಅದಕ್ಕೇ ಬೀಳುವ ಹಾಗೆ ಅನಿಸಿದರೂ ಜನ ಸಾಮಾನ್ಯವಾಗಿ ಬೀಳುವುದಿಲ್ಲ. ರಕ್ತ, ಇಂಜೆಕ್ಷನ್ ಹೆದರಿಕೆಯಲ್ಲಿ ಮಾತ್ರ ಏರಿದ ಬಿಪಿ ದಡಕ್ಕನೆ ಇಳಿಯುತ್ತದೆ. ಅದಕ್ಕೆ ಸ್ವೀಡನ್ನಿನ ಲಾರ್ಸ್ ಗೊರಾನ್ ಓಸ್ಟ್ ಅನ್ನುವವರು ಒಂದು ಉಪಾಯ ಮಾಡಿದ್ದಾರೆ. ಕೈ, ಕಾಲು, ಹೊಟ್ಟೆಯ ಸ್ನಾಯು ಎಲ್ಲ ಹತ್ತು ಹದಿನೈದು ಸೆಕೆಂಡು ಬಿಗಿ ಹಿಡಿಯಬೇಕು, ಮುಖ ಬೆಚ್ಚಗಾಗುವವರೆಗೆ. ಆಮೇಲೆ ಸ್ವಲ್ಪ ಬಿಟ್ಟು ಮತ್ತೆ. ಹೀಗೆ ಐದು ಸಲ. ಈಗ ಬಿಗಿ ಹಿಡಿದುಕೊಂಡೇ ಬ್ಲಡ್ ಸ್ಯಾಂಪಲ್ ತೆಗೆಯುತ್ತೇನೆ, ಪೇಶೆಂಟಿಗೆ ನಾನು ಸಿಟ್ಟಲ್ಲಿ ಇದ್ದೇನೆ ಅಂತ ಕಾಣುತ್ತದಂತೆ. ನಿಮಗೆ ಇದು ಬೇಡ, ಸುಮ್ನೆ ಹೇಳಿದೆ.

ತೊಕ್ಕೊಟ್ಟು_ಸ್ಕೂಟಿ (ಜೂನ್ 2025):

ಎರಡು ತಿಂಗಳಾಯಿತು. ಎಲ್ಲರಿಗೂ ಉತ್ತರ ಕೊಡಬೇಕಿತ್ತು.

ಬೇರೆ ಒಬ್ಬರ ಹತ್ತಿರ ಹೋದೆ, ಒಂಬತ್ತು ಸಲ ಆಯಿತು. ಕುರ್ಚಿಯಲ್ಲಿ ಸುತ್ತಿಸಿದರು, ಸ್ಟ್ರಾ ಕೊಟ್ಟರು. ಮೊದಲ ಸಲ ಸ್ಟ್ರಾದಲ್ಲಿ ಉಸಿರಾಡುವಾಗ ಅವತ್ತಿನ ಮಳೆಯ ವಾಸನೆಯೇ ಬಂದ ಹಾಗಾಗಿ ಅತ್ತುಬಿಟ್ಟೆ. ಐದನೇ ಸಲ ಬೋರ್ ಆಯಿತು. ಬೋರ್ ಆದರೆ ಒಳ್ಳೆಯದಂತೆ.

ಆಮೇಲೆ ಹರೇಕಳ–ಅಡ್ಯಾರ್ ಅಣೆಕಟ್ಟಿನ ಸೇತುವೆ. ಅದೂ ನೇತ್ರಾವತಿಯೇ, ಆದರೆ ನೀರಿಗೆ ಹತ್ತಿರ, ಲಾರಿಗಳ ಕಾಟ ಇಲ್ಲ. ಇವರ ಕಾರಲ್ಲಿ, ಕಣ್ಣು ತೆರೆದು, ಮೊದಲ ಸಲ ಹೆದರಿಕೆ 70. ಅದೇ ಸಂಜೆ ಆರನೇ ಸಲ 35. ಇವರಿಗೆ ಕೈ ಹಿಡಿಯಬೇಡಿ ಅಂತ ಮೊದಲೇ ಹೇಳಿದ್ದೆ. ಪಾಪ, ಅವರು ಸ್ಟೇರಿಂಗನ್ನೇ ಅಷ್ಟು ಗಟ್ಟಿ ಹಿಡಿದಿದ್ದರು.

ಬಸ್ಸಿನ ದಿನ ನೋಟ್‌ಬುಕ್ಕಲ್ಲಿ ಬರೆದದ್ದು ಹಾಗೇ ಹಾಕುತ್ತೇನೆ. ‘ಬಸ್ಸು ನಡುವಲ್ಲಿ ನಿಂತರೆ ನಾನು ಕಿರುಚುತ್ತೇನೆ, ಇಳಿದು ಓಡುತ್ತೇನೆ. ನೂರಕ್ಕೆ 90 ಹಾಗೇ ಆಗುತ್ತದೆ.’ ಬಸ್ಸು ನಿಂತಿತು! ಬ್ಲಾಕ್. ಪಕ್ಕದಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುವ ಅಕ್ಕ ಒಬ್ಬರು ಕೂತಿದ್ದರು. ಎದೆ ಬಡಿಯುತ್ತಾ ಇತ್ತು, ಬಾಯಿ ಒಣಗಿತ್ತು, ಬಾಟಲಿ ಮನೆಯಲ್ಲಿ ಬಿಟ್ಟು ಬಂದಿದ್ದೆ. ಆ ಅಕ್ಕ ತುಳುವಿನಲ್ಲಿ ಎಂತದೋ ಕೇಳಿದರು, ನಾನು ಬಂಗುಡೆ ರೇಟು ಕೇಳಿದೆ. ವಾಪಸು ಬಂದು ಬರೆದದ್ದು: ‘ಕಿರುಚಲಿಲ್ಲ. ಇಳಿಯಲಿಲ್ಲ. ಬಂಗುಡೆ ದುಬಾರಿ.’ ಹೆದರಿಕೆ ಎಷ್ಟಿತ್ತು ಅಂತ ಡಾಕ್ಟರಮ್ಮ ಕೇಳಿದರು. 80 ಅಂದೆ. ಪರವಾಗಿಲ್ಲ ಅಂದರು.

ಆ ಭಾನುವಾರ ಒಟ್ಟು ಎಂಟು ಸಲ ದಾಟಿದೆ. ಕೊನೆಯ ಸಲ ಕಂಡಕ್ಟರ್ ಟಿಕೆಟ್ ಕೊಡುತ್ತಾ, "ಎಂತಕ್ಕಾ, ಏನಾದ್ರೂ ಕಳೆದುಹೋಗಿದೆಯಾ?" ಅಂತ ಕೇಳಿದ.

ಮೇ ಕೊನೆಗೆ ಕೂಳೂರು, ಪಾವಂಜೆ, ಮುಲ್ಕಿ, ಉದ್ಯಾವರ, ಎಲ್ಲ ದಾಟಿ ಉಡುಪಿಗೆ ಹೋಗಿ ಚಿಕ್ಕಮ್ಮನಿಗೆ ನಿಜ ಹೇಳಿದೆ. ಅವರು ತನಗೆ ಲಿಫ್ಟ್ ಅಂದ್ರೆ ಹೆದರಿಕೆ, ಹಾಗಾಗಿ ಮಗನ ಫ್ಲ್ಯಾಟಿಗೆ ಹೋಗುವುದಿಲ್ಲ ಅಂದರು. ಮಗನಿಗೆ ಮಾತ್ರ ಮಂಡಿನೋವು ಅಂತ ಹೇಳಿದ್ದಾರಂತೆ. ಅವತ್ತೇ ಕೆಮ್ಮಣ್ಣಿನ ತೂಗುಸೇತುವೆಗೂ ಕರೆದುಕೊಂಡು ಹೋದರು. ನಡೆದರೆ ಹಲಗೆ ತೂಗುತ್ತದಲ್ಲ, ಅದು. ನಡುವಿನವರೆಗೆ ಹೋದೆ. ಆಮೇಲೆ ಆಗಲಿಲ್ಲ, ಸುಮಾರು ಹೊತ್ತು ಅಲ್ಲೇ ಸರಿಗೆ ಹಿಡಿದು ನಿಂತೆ, ಓಡಲಿಲ್ಲ, ನಿಧಾನ ನಡೆದುಕೊಂಡೇ ವಾಪಸು ಬಂದೆ. ಅದು ಪಟ್ಟಿಯಲ್ಲಿ ಇನ್ನೂ ಬಾಕಿ. ಕಳೆದ ವಾರ ಜೋರು ಮಳೆಗೆ ಬಸ್ಸಲ್ಲೇ ಮತ್ತೆ 75ಕ್ಕೆ ಏರಿತ್ತು, ಬೇಜಾರಾಯಿತು. ಕೆಳಗೆ ಅದೇ ಕೆಂಪು ನೀರು. ಆದರೂ ಇಳಿಯಲಿಲ್ಲ.

ನಾಳೆಯಿಂದ ಇವರಿಗೆ ನೈಟ್ ಡ್ಯೂಟಿ. ರಜೆ ಹಾಕಿಲ್ಲ. ಹಿಂದಿನ ಎರಡು ಭಾನುವಾರ ಬೆಳಿಗ್ಗೆ ಆರಕ್ಕೆ, ರೋಡು ಖಾಲಿ ಇರುವಾಗ, ಇವರನ್ನು ಹಿಂದೆ ಕೂರಿಸಿಕೊಂಡು ಸ್ಕೂಟಿಯಲ್ಲಿ ದಾಟಿ ನೋಡಿದ್ದೇನೆ, ಡಾಕ್ಟರಮ್ಮನೂ ಇನ್ನು ಒಬ್ಬಳೇ ಹೋಗಬಹುದು ಅಂದಿದ್ದಾರೆ. ಪೆಟ್ರೋಲ್ ಹಾಕಿಸಿದ್ದೇನೆ, ರೈನ್‌ಕೋಟು ಸೀಟಿನಡಿ ಇಟ್ಟಿದ್ದೇನೆ.

ಕಲ್ಯಾಣಪುರದವ:

ಅಕ್ಕ, ಸೂಪರ್. ಒಂದು ಡೌಟು. ಈ ರೈನ್‌ಕೋಟು ನನ್ನ ಕೊಡೆಯ ಹಾಗೆ ಅಲ್ಲ ತಾನೆ?

ಮನಸ್ಸಿನ_ಕೆಲಸ:

ಅಲ್ಲ. ಅದು ಜೂನ್.